ದೂರ ಹಿಡಿದ ಮೊರ

ಯಶೋದಾ ಮಾಡುವ ಸಾರೆಂದರೆ ಶಾಲೆಯ ಮಕ್ಕಳಿಗೆ ಪ್ರಾಣ. ರಾಮಗಿರಿ ಪಕ್ಕದ ಹಳ್ಳಿಯೊಂದರಲ್ಲಿ ಅವಳು ಬಿಸಿಯೂಟದ ಅಡುಗೆಯವಳು. ಆದರೆ ಈಚೆಗೆ ಅನ್ನದಲ್ಲಿ ಕಲ್ಲು ಸಿಗತೊಡಗಿತ್ತು. ಮೊನ್ನೆಯಂತೂ ಒಬ್ಬ ಹುಡುಗ ಕಟಕ್ಕನೆ ಕಚ್ಚಿ, ಅಳುತ್ತಾ ತಟ್ಟೆ ಬಿಟ್ಟು ಎದ್ದ. ಹೆಡ್ ಮೇಡಂ ದಾಕ್ಷಾಯಿಣಿ ಅವಳನ್ನು ಕರೆದು, "ಇನ್ನೊಂದ್ಸಲ ಹಿಂಗಾದ್ರೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ ಯಶೋದಮ್ಮ" ಎಂದುಬಿಟ್ಟರು.

ಗಂಡ ಕೆಂಚಣ್ಣನ ಕೂಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಒಲೆ ಉರಿಯುವುದು, ಮಗಳು ಸಹನಾ ಹೊಳಲ್ಕೆರೆಗೆ ಕಾಲೇಜಿಗೆ ಹೋಗುವುದು, ಎಲ್ಲ ಯಶೋದಾಳ ಈ ಕೆಲಸದಿಂದಲೇ. ಅವಳಿಗೆ ಊಟವೇ ಸೇರದಾಯಿತು.

ಭಾನುವಾರ ಆಶಾ ಕಾರ್ಯಕರ್ತೆ ಉಷಾರಾಣಿ ಮನೆಗೆ ಬಂದಳು. ಯಶೋದಾ ಬಿಸಿಲಲ್ಲಿ ಕೂತು, ಮೊರವನ್ನು ಮಂಡಿಯಾಚೆ ತಳ್ಳಿ, ತಲೆ ಹಿಂದಕ್ಕೆಳೆದುಕೊಂಡು ಅಕ್ಕಿ ಆರಿಸುತ್ತಿದ್ದಳು.

"ಅಕ್ಕಿ ಮ್ಯಾಲೆ ಸಿಟ್ಟೇನೇ? ಅಷ್ಟು ದೂರ ಇಟ್ಕಂಡಿದ್ದೀಯ" ಎಂದು ಉಷಾರಾಣಿ ನಕ್ಕಳು.

"ಹತ್ರ ಹಿಡಿದ್ರೆ ಎಲ್ಲಾ ಮಸುಕು ಉಷಕ್ಕ. ಯಾರಿಗೂ ಹೇಳ್ಬ್ಯಾಡ. ಕಣ್ಣು ಕಾಣಲ್ಲ ಅಂತ ಗೊತ್ತಾದ್ರೆ ಕೆಲ್ಸದಿಂದ ತೆಗೀತಾರೆ."

"ನಲವತ್ತು ದಾಟಿದ ಮ್ಯಾಲೆ ಹತ್ರದ್ದು ಮಸುಕಾಗೋದು ಎಲ್ರಿಗೂ ಬರೋದೇ. ಪರೀಕ್ಷೆ ಮಾಡಿಸಿ ಕನ್ನಡಕ ಹಾಕ್ಕಂಡ್ರೆ ಆತು."

ಜಗಲಿಯಲ್ಲಿದ್ದ ಅತ್ತೆ ಉಚ್ಚಂಗೆಮ್ಮ ಸುಮ್ಮನಿರಲಿಲ್ಲ. "ಒಲೆ ಮುಂದೆ ಕನ್ನಡಕ ಹಾಕ್ಕಂಡು ನಿಂತ್ರೆ ಊರೋರು ನಗಲ್ವೇನೇ? ಹಾಕ್ಕಂಡ್ರೆ ಇರೋ ಕಣ್ಣೂ ಹೋಗ್ತವೆ."

"ಏನೂ ಹೋಗಲ್ಲ ಅಜ್ಜಿ. ನಗೋರು ಎರಡು ದಿನ ನಗ್ತಾರೆ. ಕೆಲ್ಸ ಹೋದ್ರೆ ಅವ್ರೇನು ಅಕ್ಕಿ ತಂದಾಕ್ತಾರಾ?"



ಮರುದಿನ ಬಿಸಿಯೂಟ ಮುಗಿದ ಮೇಲೆ ಉಷಾರಾಣಿಯೇ ಜೊತೆಗೆ ನಿಂತು ಹೊಳಲ್ಕೆರೆಯ ಸರ್ಕಾರಿ ಆಸ್ಪತ್ರೆಯಲ್ಲಿ ಯಶೋದಾಳ ಕಣ್ಣು ತೋರಿಸಿದಳು. ಬೇರೇನೂ ತೊಂದರೆ ಇಲ್ಲ ಎಂದರು ಡಾಕ್ಟರು. ಕನ್ನಡಕ ಬಂದಾಗ ಯಶೋದಾ ಮೊದಲು ನೋಡಿಕೊಂಡದ್ದು ತನ್ನ ಅಂಗೈ. "ಎಷ್ಟೊಂದು ಗೆರೆ ಅವೆ ಉಷಕ್ಕ" ಎಂದಳು. ಹೇಳುವಾಗಲೇ ಕಣ್ಣು ತುಂಬಿತು.

ಕನ್ನಡಕ ಹಾಕಿಕೊಂಡು ಶಾಲೆಗೆ ಅಳುಕುತ್ತಲೇ ಹೋದಳು. ದಾಕ್ಷಾಯಿಣಿ ಮೇಡಂ ತಮ್ಮ ಕನ್ನಡಕ ತೆಗೆದು ತೋರಿಸಿ, "ಇದಿಲ್ದಿದ್ರೆ ನಂಗೂ ಹಾಜರಿ ಕರಿಯಾಕಾಗಲ್ಲ. ಮೊದ್ಲೇ ಹೇಳ್ಬಾರ್ದಿತ್ತೇನಮ್ಮ?" ಎಂದರು. ಯಶೋದಾಳ ಎದೆಯ ಭಾರ ಇಳಿಯಿತು. ಹಬೆ ಕೂತಾಗ ಸೆರಗಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾ ಅಡುಗೆ ಮಾಡಿದಳು. ಕಲ್ಲು ಕಚ್ಚಿ ಅತ್ತು ಎದ್ದಿದ್ದ ಹುಡುಗ ಅಂದು ಎರಡನೇ ಸಲ ಅನ್ನ ಹಾಕಿಸಿಕೊಂಡ.

ಸಂಜೆ ಅತ್ತೆ ಕೈ ಚಾಚಿದಳು. "ಕೊಡೇ ಇಲ್ಲಿ, ರಾಗಿ ನೋಡಾಣ."

"ಅದು ನನ್ ಕಣ್ಣಿನ ನಂಬರ್ ಅತ್ತೆ. ನಿಮ್ಮ ಕಣ್ಣೂ ತೋರಿಸಿ ಬರಾಣ."

"ಹಂಗಾದ್ರೆ ನಾಳೆ ಮೊದಲ್ನೇ ಬಸ್ಸಿಗೇ ಹೋಗಾಣ" ಎಂದಳು ಉಚ್ಚಂಗೆಮ್ಮ.

ಅಕ್ಕಂದಿರೇ, ಅಮ್ಮಂದಿರೇ, ನಿಮ್ಮ ಮೊರವೂ ದೂರ ಹೋಗುತ್ತಿದೆಯೇ? ಹೊಲಿಗೆ ತಪ್ಪುತ್ತಿದೆಯೇ? ಕಣ್ಣಿರಲಿ, ನಡುನೋವಿರಲಿ, ಸುಸ್ತಿರಲಿ, ಕೆಲಸ ಹೋದೀತೆಂದು ಮುಚ್ಚಿಡಬೇಡಿ. ಕೆಲಸ ಹೋಗುವುದು ಮುಚ್ಚಿಟ್ಟರೇ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಇವತ್ತೇ ಒಂದು ಮಾತು ಹೇಳಿ.