ಅಲ್ಲಾಭಕ್ಷನ ಹೆಸರಿನ್ಯಾಗ ಆಡಿದಾಂವ

ಮೊದಲ ಒಂದು ಮಾತು. ಹಿಂದಿನ ಸಲ ನಾ ಹೇಳಿದ್ದು ಕೇಳಿ ವಾಟ್ಸಾಪ್ ಗ್ರೂಪಿನ್ಯಾಗ ಯಾರೋ 'ಮುದುಕಗ ಅರವು-ಮರವು' ಅಂತ ಹಾಕೀರಿ. ಅಲ್ರೋ, ನಿಮಗ ಹೆಂಡತಿ ಫೋನ್ ನಂಬರು ಬಾಯಿಲೆ ಹೇಳಾಕ ಬರಂಗಿಲ್ಲ, ನನ್ನ ನೆನಪು ತಪಾಸ ಮಾಡ್ತೀರಿ? ಎಂಬತ್ನಾಲ್ಕನೇ ಇಸ್ವಿಯಾಗ ಶಿಗ್ಗಾಂವಿಯಿಂದ ಸವಣೂರಿಗೆ ಹೋಗೋ ಬಸ್ಸಿನ್ಯಾಗ ಯಾವ ಕಿಟಕಿ ಒಡದಿತ್ತು ಅನ್ನೂದೂ ನನಗ ಗೊತ್ತೈತಿ. ಸುಮ್ನ ಕುಂತ ಕೇಳ್ರಿ. ನಡುವ ಕೆಮ್ಮು ಬಂದ್ರ ಕೆಮ್ಮತೇನಿ.

ಸವಣೂರಾಗ ಪ್ರಾಣೇಶ ಅಂತ ಒಬ್ಬ ಡ್ರಿಲ್ ಮಾಸ್ತರ ಇದ್ದ. ವೈಷ್ಣವರ ಮನಿತನ, ಅಪ್ಪ ಪುರಾಣ ಹೇಳಾಂವ, ಇಂವಾ ಹುಟ್ಟಿದ್ದು ಮಾತ್ರ ಫುಟ್ಬಾಲ್ ಒದಿಯಾಕ. ಸಂಜಿಕ ಮನಿಗೆ ಬಂದ್ರ ಅವರವ್ವ ಪದ್ಮಾಬಾಯಿ ಬಾಗಲದಾಗ ನಿಂದ್ರಸಿ, "ಚರ್ಮದ ಚೆಂಡು ಮುಟ್ಟಿ ಬಂದೀ, ಹಿತ್ತಲಕ ಹೋಗಿ ಸ್ನಾನ ಮಾಡು" ಅನ್ನಾಕಿ. ಹದಿನಾಲ್ಕು ವರ್ಷ ಹಂಗ ಸ್ನಾನ ಮಾಡಿದ. ಹದಿನಾಲ್ಕು ವರ್ಷ ಅವನ ಹುಡುಗ್ರು ಹಾನಗಲ್ಲಿಗೆ ಹೋಗಿ ಸೋತ್ರು, ಹಿರೇಕೆರೂರಿಗೆ ಹೋಗಿ ಸೋತ್ರು, ಬಾಳೆಹಣ್ಣು ತಿಂದು ತಿರಗಿ ಬಂದ್ರು.

ಆಮ್ಯಾಲ ಹಯಾತ ಸಿಕ್ಕ. ವೀಳ್ಯದೆಲಿ ವ್ಯಾಪಾರದ ರಾಜೇಸಾಬನ ಮಗ. ಬಲಗಾಲಿಲೆ ಒದ್ದರ ಗೋಲ್ ಕೀಪರ್ ಕೈ ತಗದ ಬಿಡಬೇಕು, ಹಂತಾ ಏಟು. ಎಡಗಾಲು ಮಾತ್ರ ಬರೇ ನಿಂದ್ರಾಕ.

ಆ ವರ್ಷ ಗೋವಾದಾಗ ದೊಡ್ಡ ಟೂರ್ನಮೆಂಟ್ ಇಟ್ರು. ಹದಿನಾರರೊಳಗಿನ ಹುಡುಗರದ್ದು. ಸಿಲೋನಿನವ್ರು, ನೇಪಾಳದವ್ರು, ಪೋರ್ತುಗಲ್ಲಿನವ್ರು ಎಲ್ಲಾ ಬರಾವ್ರು. ನಮ್ಮ ಕಡೀದೂ ಒಂದು ಟೀಮ್ ಕರದಿದ್ರು, ಅದಕ್ಕ ಪ್ರಾಣೇಶ ಮಾಸ್ತರನ್ನ ಕೋಚ್ ಮಾಡಿದ್ರು. ಜೀವಮಾನದಾಗ ಒಮ್ಮೆ ಬರೂ ಅವಕಾಶ. ಆದ್ರ ಹಯಾತಗ ಹದಿನೆಂಟು ತುಂಬಿದ್ದವು.

ಮಾಸ್ತರ ಒಂದು ವಾರ ನಿದ್ದಿ ಮಾಡ್ಲಿಲ್ಲ. ಆಮ್ಯಾಲ ನೆನಪಾತು. ಹಯಾತಗ ಅಲ್ಲಾಭಕ್ಷ ಅಂತ ಒಬ್ಬ ತಮ್ಮ ಇದ್ದ. ನಾಲ್ಕು ವರ್ಷದಾಂವಿದ್ದಾಗ ಜ್ವರ ಬಂದು ತೀರಿಕೊಂಡಿದ್ದ. ಇದ್ದಿದ್ರ ಈಗ ಹದಿನೈದು. ನಮ್ಮ ಕಡೆ ಹುಟ್ಟಿದ್ದು ಬರಸ್ತಿದ್ರು. ಸಣ್ಣ ಕೂಸು ಸತ್ತದ್ದು ಬರಸಾಕ ಯಾವ ಅಪ್ಪ ಕಚೇರಿ ಮಟ್ಟಲ ಹತ್ತತಿದ್ದ? ಕಾಗದದ ಮ್ಯಾಲ ಆ ಹುಡುಗ ಇನ್ನೂ ಜೀವಂತ ಇದ್ದ.

ಮಾಸ್ತರ ಅವರ ಮನಿಗೆ ಹೋದ. ರಾಜೇಸಾಬ ಎಲಿ ಕಟ್ಟು ಕಟ್ಟಾಕತ್ತಿದ್ದ. ಕೇಳಿ ಒಂದ ಮಾತಿಗೆ ಹ್ಞೂಂ ಅಂದ. ಒಳಗಿಂದ ಅವನ ಹೆಂಡತಿ ಬಾನುಬಿ ಬಂದು ಬಾಗಲದಾಗ ನಿಂತ್ಲು.

"ಸರ್, ಆ ಹೆಸರು ಬ್ಯಾಡ್ರಿ."

"ಬರೇ ಕಾಗದದಾಗ, ಬಾನುಬಿ. ಎಂಟು ದಿನದ ಮಾತದ."

"ಆ ಹೆಸರು ನಾವು ವಾರಕ್ಕೊಮ್ಮೆ ಕರಿತೇವ್ರಿ. ಗುರುವಾರ, ಲೋಬಾನ ಹಾಕಿ, ಸಕ್ಕರಿ ಇಟ್ಟು. ಕರದ್ರ ಬರ್ತಾನ, ತಿಂದು ಹೋಗ್ತಾನ. ನೀವು ಮೈಕಿನ್ಯಾಗ ಕರೀತೀರಿ. ಬಂದಾನ, ಆಮ್ಯಾಲ ಹೋಗು ಅಂತ ಹೇಳಾವ್ರು ಯಾರ್ರಿ?"

ರಾಜೇಸಾಬ ನಕ್ಕ. "ಗೋವಾಕ್ಕ ಹೋಗಾಕ ಅವನಿಗೂ ಟಿಕೀಟ ಬೇಕಲ್ಲ" ಅಂದ. ಮಾಸ್ತರನೂ ನಕ್ಕ. ಆಕಿ ನಗಲಿಲ್ಲ.

"ನನ್ನ ಮಗನ್ನ ನೀವ ಕರಕೊಂಡು ಹೊಂಟೀರಿ" ಅಂದ್ಲು. "ಅವನ್ನ ನೀವ ತಂದು ಕೊಡಬೇಕು. ಅವನ್ನ."

ಗೋವಾದಾಗ ಮೊದಲನೇ ದಿನ. ಬಿಸಲು ಚುರು ಚುರು ಅಂತಿತ್ತು. ಮೈಕಿನ್ಯಾಗ ಒಬ್ಬೊಬ್ಬರ ಹೆಸರು ಕರೀತಿದ್ರು. "ಅಲ್ಲಾಭಕ್ಷ ರಾಜೇಸಾಬ, ಸವಣೂರು." ಹಯಾತಗ ಅದು ತನ್ನ ಹೆಸರು ಅಂತ ಲಗೂನ ಹೊಳಿಲಿಲ್ಲ, ಸುಮ್ನ ನಿಂತಿದ್ದ. ಅವನ ಹಿಂದಿಂದ "ಜೀ" ಅಂತ ಒಂದು ಸಣ್ಣ ದನಿ ಬಂತು. ಮಾಸ್ತರ ತಿರುಗಿ ನೋಡಿದ. ಹಿಂದ ಗ್ವಾಡಿ ಇತ್ತು.

ಸಿಲೋನಿನವರ ಜೋಡಿ ಮ್ಯಾಚಿನ್ಯಾಗ ಹಯಾತ ಎರಡು ಗೋಲು ಹೊಡದ. ಎರಡೂ ಎಡಗಾಲಿಲೆ. ಗೋಣೆಪ್ಪ ಅಂತ ನಮ್ಮ ಗೋಲ್ ಕೀಪರ್, ದುಂಡಸಿ ಊರಿನ ಹುಡುಗ, ಬಾಯಿ ಬಾಳ. "ಏನಲೇ, ಆ ಕಾಲು ಬಾಡಿಗಿ ತಂದೀ ಏನು?" ಅಂದ. ಹಯಾತ ಊಟಕ್ಕ ಕುಂತಾಗ ಎಡಗೈಲೆ ಅನ್ನ ಕಲಸಾಕತ್ತ. ಗೋಣೆಪ್ಪನ ನಗಿ ಅಲ್ಲಿಗೆ ನಿಂತಿತು. ತಾಟು ತಗೊಂಡು ದೂರ ಸರದು ಕುಂತ.

ರಾಜೇಸಾಬ ಒಮ್ಮೆ ಹೇಳಿದ್ದ, ಸತ್ತ ಹುಡುಗ ಎಡಚ ಇದ್ದ ಅಂತ. ಮಾಸ್ತರಗ ಅದು ಗೊತ್ತಿತ್ತು. ಗೊತ್ತಿದ್ದೂ, ಎರಡು ಗೋಲು ಅಂತ ಖುಷಿಪಟ್ಟ. ಮನಶಾ ಹಂಗ ಇರ್ತಾನ.

ಮೂರನೇ ದಿನ ಯಾವುದೋ ಟೀಮಿನವ್ರು ತಕರಾರು ಮಾಡಿದ್ರು, ಈ ಹುಡುಗ ದೊಡ್ಡಾಂವ ಅಂತ. ಕೈ ಎಕ್ಸ್‌ರೇ ತಗಸಿ ಎಲುಬು ನೋಡ್ರಿ ಅಂದ್ರು. ಮುಗೀತು, ಸಿಕ್ಕೊಂಡೆ ಅಂತ ಮಾಸ್ತರ ತಿಳದ. ಡಾಕ್ಟರ ಕಾರವಾರದಾಂವ, ಕನ್ನಡ ಬರ್ತಿತ್ತು. ಮಾಸ್ತರನ್ನ ಒಬ್ಬನ್ನ ಒಳಗ ಕರದು, ಫಿಲ್ಮು ಕಿಡಕಿಗೆ ಹಿಡದ.

"ಮುಂಗೈಯಲ್ಲಿ ಎಂಟು ಸಣ್ಣ ಎಲುಬು ಇರ್ತವೆ ಮಾಸ್ತರೇ. ಹುಟ್ಟಿದಾಗ ಒಂದೂ ಕಾಣೂದಿಲ್ಲ, ವಯಸ್ಸು ಆದ ಹಾಗೆ ಒಂದೊಂದೇ ಮೂಡ್ತವೆ. ಇದರಲ್ಲಿ ಮೂರು ಇವೆ."

"ಅಂದ್ರ?"

"ಅಂದ್ರೆ ನಾಲ್ಕು ವರ್ಷದ ಮಗು."

ಮಾಸ್ತರ ನೋಡಿದ. ಅಷ್ಟು ದೊಡ್ಡ ಫಿಲ್ಮಿನ ನಡುವ ಒಂದು ಪುಟ್ಟ ಕೈ, ಅಂಗೈಯಾಗ ಅಡಗಿಸಿ ಹಿಡಿಬೌದು ಅನ್ನೋ ಅಷ್ಟು.

"ಬ್ಯಾರೆ ಯಾರದರೆ ಇರಬೇಕು" ಅಂದ.

"ಇವತ್ತು ಸಣ್ಣ ಮಕ್ಕಳು ಯಾರೂ ಬರಲಿಲ್ಲ. ಎರಡು ಸಲ ತೆಗೆದೆ. ಎರಡನೇ ಸಲ ನಾನೇ ಅವನ ಕೈ ಹಿಡಿದು ಇಟ್ಟೆ." ಡಾಕ್ಟರ ಪೆನ್ನು ತಗದ. "ನನ್ನನ್ನ ಕೇಳಿದ್ದು ಹದಿನಾರರ ಒಳಗೋ ಹೊರಗೋ ಅಂತ. ಒಳಗೆ. ಸಹಿ ಹಾಕ್ತೇನೆ. ಅವನನ್ನ ಇನ್ನೊಮ್ಮೆ ನನ್ನ ಕೋಣೆಗೆ ಕರ್ಕೊಂಡು ಬರಬೇಡಿ."

ಹೊರಗ ಬಂದ್ರ ಹಯಾತ ಕಟ್ಟಿ ಮ್ಯಾಲ ಕುಂತು ಕಾಲು ಅಲ್ಲಾಡಸಾಕತ್ತಿದ್ದ. ರಸ್ತೆ ದಾಟುವಾಗ ಮಾಸ್ತರನ ಕಿರುಬೆರಳು ಹಿಡಕೊಂಡ. ಹದಿನೆಂಟು ವರ್ಷದ ಹುಡುಗ, ಮೀಸಿ ಬಂದಾವ. ಬೆರಳು ತಣ್ಣಗ ಇತ್ತು, ಬಾವ್ಯಾಗಿನ ಕಲ್ಲಿನಂಗ. ಮಾಸ್ತರ ಆಗನ ಅವನ್ನ ಬಸ್ಸು ಹತ್ತಸಬೇಕಿತ್ತು. ಹತ್ತಸಲಿಲ್ಲ. ಮರದಿನ ಪೋರ್ತುಗಲ್ಲಿನವರ ಜೋಡಿ ಸೆಮಿಫೈನಲ್ ಇತ್ತು.

ಆ ಮ್ಯಾಚು ನೋಡಿದವ್ರು ಗೋವಾದಾಗ ಇನ್ನೂ ಇರಬೌದು. ಮುಂಜೇಲೆ ಹತ್ತೂವರಿ. ನಮ್ಮವ್ರು ಅರ್ಧಕ್ಕ ಎರಡು-ಒಂದರಿಂದ ಮುಂದ. ಮಂದಿ ಎದ್ದು ನಿಂತು "ಅಲ್ಲಾಭಕ್ಷ, ಅಲ್ಲಾಭಕ್ಷ" ಅಂತ ಕೂಗಾಕತ್ತಿದ್ರು. ಸಾವಿರ ಸಾವಿರ ಮಂದಿ ಆ ಹೆಸರು ಕರ್ಯಾಕತ್ತಿದ್ರು.

ನಡುವಿನ ಬಿಡುವಿನ್ಯಾಗ ಎಲ್ಲಾರಿಗೂ ಲಿಂಬಿಹಣ್ಣಿನ ಹೋಳು ಕೊಟ್ರು. ಹಯಾತ ಒಬ್ಬನ ದೂರ ಕುಂತು, ಮಂದಿ ಚೀಪಿ ಒಗದ ಸಿಪ್ಪಿ ಆರಿಸಿ ಮಣ್ಣಾಗ ಸಾಲಾಗಿ ಇಟ್ಟು ಆಡಾಕತ್ತಿದ್ದ.

"ಹಯಾತ" ಅಂದ ಮಾಸ್ತರ. ಹುಡುಗ ತಲಿ ಎತ್ತಲಿಲ್ಲ. ಮೂರು ಸಲ ಕರದ. ಆಮ್ಯಾಲ "ಅಲ್ಲಾಭಕ್ಷ" ಅಂದ.

ಥಟ್ನ ತಲಿ ಎತ್ತಿ ನಕ್ಕ.

"ನಿಮ್ಮ ಭಾಯಿ ಎಲ್ಲಿ ಹೋದ್ನೋ?"

"ಭಾಯಿ ಮಲಕೊಂಡಾನ."

"ಎಲ್ಲಿ?"

"ನನ್ನ ಜಾಗಾದಾಗ" ಅಂತು ಕೂಸು, ಮತ್ತ ಸಿಪ್ಪಿ ಸಾಲಾಗಿ ಇಡಾಕತ್ತು. "ಸಣ್ಣದು ಅದು. ಕಾಲು ಮಡಚಿಕೊಂಡು ಮಲಕೊಂಡಾನ."

ಮಾಸ್ತರ ಅಲ್ಲಿಂದ ಸೀದಾ ಮೈಕಿನ ಟೇಬಲ್ಲಿಗೆ ನಡದ. ನಡಕೋತ ಹೋಗುವಾಗ ಅವನಿಗೆ ಎಲ್ಲಾ ಗೊತ್ತಿತ್ತು: ಟೀಮು ಹೋಗ್ತೈತಿ, ನೌಕರಿಗೆ ಕುತ್ತು ಬರ್ತೈತಿ, ಹದಿನಾಲ್ಕು ವರ್ಷದ್ದು ನೀರಾಗ ಹೋಗ್ತೈತಿ. ಮೈಕು ಕಸಗೊಂಡು, ಬಂದಷ್ಟು ಇಂಗ್ಲೀಷಿನ್ಯಾಗ ಹೇಳಿದ.

"ಹನ್ನೊಂದನೇ ನಂಬರಿನ ಹುಡುಗ ಹಯಾತ. ವಯಸ್ಸು ಹದಿನೆಂಟು. ಅಲ್ಲಾಭಕ್ಷ ತೀರಿಕೊಂಡು ಹನ್ನೊಂದು ವರ್ಷ ಆತು. ಸುಳ್ಳು ಬರಸಿದಾಂವ ನಾನು, ಪ್ರಾಣೇಶ." ಆಮ್ಯಾಲ ದನಿ ಇಳಿಸಿ, ಕನ್ನಡದಾಗ ಅಂದ, "ಅಲ್ಲಾಭಕ್ಷ, ಸಾಕಪ್ಪಾ. ಮನಿಗೆ ಹೋಗು. ಭಾಯಿನ್ನ ಎಬ್ಬಸು."

ಹುಡುಗ ಕುಂತಲ್ಲೆ ಬಿದ್ದ. ಎತ್ತಿ ನೀರು ಹಾಕಿದ್ರು. ಆ ಗ್ರೌಂಡು ಎಲ್ಲಾ ಕೆಂಪು ಮಣ್ಣು. ಅವನ ಹತ್ತೂ ಉಗುರಿನ್ಯಾಗ, ತಲಿಗೂದಲಾಗ, ಹಸಿ ಕರಿ ಮಣ್ಣು ತುಂಬಿತ್ತು, ನಮ್ಮ ಎರಿ ಹೊಲದಾಗಿನ ಹಂತಾದ್ದು.

ಅವತ್ತ ಟೀಮು ಹೊರಗ ಹಾಕಿದ್ರು. ಹುಡುಗ್ರು ಮಾಸ್ತರನ್ನ ಮಾತಾಡಸಲಿಲ್ಲ. ಗೋಣೆಪ್ಪ ಒಬ್ಬ ಬಂದು ಹಯಾತನ ಬೂಟು ಬಿಚ್ಚಿದ.

ಸಂಜಿಮುಂದ ರೈಲಿನ್ಯಾಗ ಹಯಾತ ಕಣ್ಣು ತಗದ. ಬಲಗೈಲೆ ಕಣ್ಣು ತಿಕ್ಕೊಂಡ. ಮಾಸ್ತರನ್ನ ನೋಡಿದ.

"ಸರ್, ಗೋವಾ ಬಂತೇನ್ರಿ?"

ಮಾಸ್ತರ ಅವನ ಕೈಯಾಗ ನೀರಿನ ತಂಬಿಗಿ ಕೊಟ್ಟ.

"ನಮ್ಮ ಮೊದಲನೇ ಮ್ಯಾಚು ಸಿಲೋನಿನವರ ಜೋಡಿ ಅಲ್ರಿ? ನನ್ನ ಆಡಸ್ತೀರಲ್ರಿ?"

"ಎಲ್ಲಾ ಮುಗೀತೋ ಹಯಾತ" ಅಂದ ಮಾಸ್ತರ. "ಊರಿಗೆ ಹೊಂಟೇವಿ."

ಹುಡುಗ ಎದ್ದು ಕುಂತ. "ನಾ ಒಂದೂ ಆಡಲಿಲ್ಲೇನ್ರಿ?" ಅಂದ.

ಸವಣೂರಿಗೆ ಬಂದಾಗ ಬಾನುಬಿ ಬಾಗಲದಾಗ ನಿಂತಿದ್ಲು. ಮಗನ್ನ 'ಹಯಾತ' ಅಂತ ಹೆಸರು ಹಿಡದು ಕರದ್ಲು. ಅಂವಾ "ಅಮ್ಮಿ" ಅಂದ. ಆಕಿ ಮಾಸ್ತರನ್ನ ಒಳಗ ಕರದು ಕುಂಡ್ರಸಿ ಚಹಾ ಕೊಟ್ಲು. ಹಯಾತ ಆಮ್ಯಾಲ ಚೆಂಡು ಮುಟ್ಟಲಿಲ್ಲ. ಎಲ್ಲಾರೂ ಅವನ ಗೋಲಿನ ಸುದ್ದಿ ಹೇಳ್ತಿದ್ರು, ಅವನಿಗೆ ಒಂದೂ ಗೊತ್ತಿರಲಿಲ್ಲ.

ಇಷ್ಟ. ಇದನ್ನ ಕೇಳಿ ಸುಮ್ನ ಅಳಿಸಿ ಹಾಕಬ್ಯಾಡ್ರಿ, ಮುಂದ ಕಳಸ್ರಿ. ಮಕ್ಕಳನ್ನ ಆಡಸಾಕ ಕರಕೊಂಡು ಹೋಗೋ ಮಾಸ್ತರು ಯಾರರೆ ನಿಮಗ ಗುರ್ತಿದ್ರ, ಅವರಿಗೆ ಮೊದಲ ಕಳಸ್ರಿ.