ನೀನೀಗ ಗಾಳಿ

ಆ ಮಿಸ್ ಮಕ್ಕಳಿಗೆ ಒಂದು ಏಟು ಕೊಟ್ಟವಳಲ್ಲ, ಒಂದು ಬೈಗುಳ ಆಡಿದವಳಲ್ಲ. ಸದಾ ನಗುಮುಖ. ಅದಕ್ಕೇ ಮಕ್ಕಳು ನಗುಮಿಸ್ ಅಂತ ಹೆಸರಿಟ್ಟಿದ್ದವು. ಆ ಹೆಸರು ಹೇಳುವಾಗ ಒಂದು ಮಗುವೂ ನಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಶಾಲೆ ಬಿಟ್ಟ ಮೇಲೆ, ಅಪ್ಪ ಅಮ್ಮ ಕೆಲಸದಿಂದ ಬರುವ ತನಕ ಮಕ್ಕಳನ್ನು ಇಟ್ಟುಕೊಳ್ಳುವ ಕೇಂದ್ರ ಅದು. ಟೈರ್ ಅಂಗಡಿಯ ಮೇಲೆ ಎರಡು ಕೋಣೆ. ದೊಡ್ಡದರಲ್ಲಿ ಹೋಂವರ್ಕು, ಬಣ್ಣ, ಆಟ. ಚಿಕ್ಕದರಲ್ಲಿ ಚೀಲ, ಚಪ್ಪಲಿ, ಒಂದು ನಲ್ಲಿ. ನಗುಮಿಸ್ ಬರುವ ಮೊದಲು ಅದು ಸಂತೆಯೇ ಆಗಿತ್ತು. ಈಗ ಸೊಳ್ಳೆ ಹಾರಿದರೂ ಕೇಳುತ್ತಿತ್ತು.

ಅವಳ ಉಪಾಯ ಹಾವೂ ಸಾಯದ, ಕೋಲೂ ಮುರಿಯದ ಉಪಾಯ. ಮಗು ತಪ್ಪು ಮಾಡಿದರೆ ಬಗ್ಗಿ, ಕೆನ್ನೆ ಸವರಿ, "ನೀನೀಗ ಗಾಳಿ" ಅನ್ನುವಳು. ಅಷ್ಟೇ. ಅಲ್ಲಿಂದ ಆ ಮಗು ಯಾರ ಕಣ್ಣಿಗೂ ಕಾಣುವುದಿಲ್ಲ, ಅದರ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಅತ್ತು ಕರೆದು ಸಾಕಾಗಿ, ಕಿಟಕಿ ಪಕ್ಕದ ಚಾಪೆಯ ಮೇಲೆ ತಾನಾಗಿ ಹೋಗಿ ಸುಮ್ಮನೆ ಕೂತ ಮೇಲೆ ಮಿಸ್ ಹೆಸರು ಹಿಡಿದು ಕರೆಯುವಳು. ಆಗ ಮಗು "ಥ್ಯಾಂಕ್ಯೂ ಮಿಸ್" ಅನ್ನಬೇಕು. ಒಬ್ಬ ಪುಟ್ಟ ಹುಡುಗ ಗಾಳಿಯಾಗಿದ್ದಾಗ ಬಾತ್‌ರೂಮಿಗೆ ಹೋಗಬೇಕು ಅಂತ ಕೇಳಿ ಕೇಳಿ ಚಡ್ಡಿಯಲ್ಲೇ ಮಾಡಿಕೊಂಡ. ಅವನೂ ಥ್ಯಾಂಕ್ಯೂ ಅಂದ. ಹೊಡೆದರೆ ಬಾಸುಂಡೆ ಏಳುತ್ತದೆ, ಬೈದರೆ ಕೆಳಗಿನ ಅಂಗಡಿಗೆ ಕೇಳುತ್ತದೆ. ಇದಕ್ಕೆ ಗುರುತೂ ಇಲ್ಲ, ಸಾಕ್ಷಿಯೂ ಇಲ್ಲ.

ಆ ಕೇಂದ್ರದಲ್ಲಿ ಒಮ್ಮೆಯೂ ಗಾಳಿಯಾಗದ ಮಗು ಒಂದೇ, ಪುಟ್ಟಿ. ನಗುಮಿಸ್‌ನ ತೀರಿಹೋದ ಅಕ್ಕನ ಮಗಳು. ಕೇಂದ್ರದಲ್ಲಿ ಎಲ್ಲರ ಹಾಗೆ "ಮಿಸ್" ಅನ್ನುವಳು, ಮನೆಯಲ್ಲಿ "ಚಿಕ್ಕಮ್ಮ". ನಗುಮಿಸ್‌ಗೆ ಮದುವೆಯಿಲ್ಲ, ಮಕ್ಕಳಿಲ್ಲ. ಒಂದೇ ಒಂದು ಆಸೆ: ಈ ಹುಡುಗಿ ಒಂದು ಸಲ ತನ್ನನ್ನು ಅಮ್ಮ ಅನ್ನಬೇಕು. ಬಾಚಣಿಗೆ ಹಿಡಿದು ತಲೆ ಬಾಚುವಾಗ, ಅವಳಿಗೆ ಜ್ವರ ಬಂದು ತಾನು ಪಕ್ಕದಲ್ಲಿ ಕೂತಾಗ ಕಿವಿಯಾನಿಸಿ ಕಾದಿದ್ದಳು. ನಾಚಿಕೆ ಬಿಟ್ಟು ಬಾಯಿಬಿಟ್ಟೂ ಕೇಳಿದ್ದಳು.

"ಅಮ್ಮ ಅಂದ್ರೂ ನಡೆಯುತ್ತೆ ಪುಟ್ಟಿ."

"ಅಮ್ಮ ಬೇರೆ ಇದ್ಲಲ್ಲ ಚಿಕ್ಕಮ್ಮ," ಅಂದಿದ್ದಳು ಹುಡುಗಿ, ಲೆಕ್ಕ ತಿದ್ದುವ ಹಾಗೆ. ಬೇಕಂತ ಚುಚ್ಚಿದ್ದಲ್ಲ, ಅದಕ್ಕೇ ಹೆಚ್ಚು ಚುಚ್ಚಿತು.

ಇಂಥ ಕೇಂದ್ರಗಳನ್ನು ನಡೆಸುವ ಸಂಸ್ಥೆಯ ದೊಡ್ಡ ಮೇಡಮ್ ನೋಡಲು ಬಂದ ದಿನ ಮಕ್ಕಳೆಲ್ಲ ಚಿತ್ರ ಬರೆಯುತ್ತಿದ್ದರು. ನಗುಮಿಸ್‌ನ ಉಪಾಯ ಮೆಚ್ಚಿಗೆಯಾದರೆ ಎಲ್ಲ ಕೇಂದ್ರಗಳ ಟೀಚರುಗಳಿಗೂ ಅವಳೇ ತರಬೇತಿ ಕೊಡುವುದೆಂದು ಮೊದಲೇ ಮಾತಾಗಿತ್ತು. ಅಷ್ಟರಲ್ಲಿ ಪುಟ್ಟಿ ಕುರ್ಚಿ ಎಳೆಯಲು ಹೋಗಿ, ಕುಂಚ ತೊಳೆದ ನೀರಿನ ಲೋಟ ಉರುಳಿಸಿದಳು. ಪಕ್ಕದವಳ ಚಿತ್ರ ಕೆಸರಾಯಿತು.

ಕೋಣೆಯೆಲ್ಲ ತಲೆಯೆತ್ತಿತು. ಎಷ್ಟು ತಿಂಗಳಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದರೋ ಏನೋ. ಚಿತ್ರ ಹಾಳಾದವಳು ಅಳಲೂ ಇಲ್ಲ, ನೆಟ್ಟಗೆ ಕೇಳಿದಳು:

"ಮಿಸ್, ಇವಳನ್ನ ಗಾಳಿ ಮಾಡಲ್ವಾ?"

ದೊಡ್ಡ ಮೇಡಮ್ ಕನ್ನಡಕ ಸರಿಮಾಡಿಕೊಂಡರು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅನ್ನಿಸಿಕೊಳ್ಳುವ ಹೊತ್ತೇ ಇದು? ನಗುಮಿಸ್ ಬಗ್ಗಿದಳು, ಪುಟ್ಟಿಯ ಕೆನ್ನೆ ಸವರಿದಳು, ನಕ್ಕಳು.

"ನೀನೀಗ ಗಾಳಿ."

"ಬೇಕು ಅಂತ ಮಾಡಿಲ್ಲ ಮಿಸ್."

ಯಾರಿಗೂ ಕೇಳಿಸಲಿಲ್ಲ. ಒಬ್ಬ ಅವಳ ಕುರ್ಚಿ ತೆಗೆದುಕೊಂಡು ಹೋದ. ಬಿಸ್ಕತ್ತಿನ ತಟ್ಟೆ ಅವಳ ಮೂಗಿನ ಕೆಳಗೇ ದಾಟಿಹೋಯಿತು. ಬೇರೆಯವರನ್ನು ಗಾಳಿ ಮಾಡುವಾಗ ಮಕ್ಕಳಿಗೆ ಇಷ್ಟು ಶ್ರದ್ಧೆ ಇರುತ್ತಿರಲಿಲ್ಲ. ಬಡಪಾಯಿ ಹುಡುಗಿ ಚೆಲ್ಲಿದ್ದನ್ನು ಒರೆಸೋಣವೆಂದು ಬಟ್ಟೆ ಒದ್ದೆ ಮಾಡಿಕೊಳ್ಳಲು ಚಿಕ್ಕ ಕೋಣೆಗೆ ಹೊರಟಳು. ಅವಳು ಹೊಸ್ತಿಲು ದಾಟುತ್ತಿದ್ದಂತೆ ಚಿತ್ರ ಹಾಳಾದವಳು ಎದ್ದುಹೋಗಿ ಬಾಗಿಲು ದೂಡಿ, ಅದಕ್ಕೆ ಒರಗಿ ನಿಂತಳು. ಪುಟ್ಟಿಯ ಬೆರಳು ಬಾಗಿಲ ಸಂದಿನಲ್ಲಿತ್ತು. ಇಲ್ಲದವಳಿಗೆ ಬೆರಳೆಲ್ಲಿಂದ ಬರಬೇಕು?

"ಮಿಸ್!"

ನಗುಮಿಸ್ ದೊಡ್ಡ ಮೇಡಮ್‌ಗೆ ವಿವರಿಸುತ್ತಿದ್ದಳು. "ಮೊದಮೊದಲು ಕೂಗ್ತಾರೆ ಮೇಡಮ್. ಒಂದು ಸಲ ತಿರುಗಿ ನೋಡಿದ್ರೆ ಮುಗೀತು, ಮಾಡಿದ್ದೆಲ್ಲ ನೀರಲ್ಲಿ ಹೋಮ."

"ಚಿಕ್ಕಮ್ಮ... ಚಿಕ್ಕಮ್ಮ..."

"ನಂಟು ನೆನಪಿಸ್ತಾರೆ. ಅದಕ್ಕೂ ಜಗ್ಗಬಾರದು."

ಆಮೇಲೆ ಬಾಗಿಲ ಆಚೆಯಿಂದ, ಸಣ್ಣದಾಗಿ, ಮುರಿದ ದನಿಯಲ್ಲಿ ಬಂತು.

"ಅಮ್ಮ."

ನಗುಮಿಸ್‌ನ ಕಾಲು ಅರ್ಧ ತಿರುಗಿತು. ದೊಡ್ಡ ಮೇಡಮ್ ಅವಳ ಮುಖವನ್ನೇ ನೋಡುತ್ತಿದ್ದರು, ಮಕ್ಕಳೂ ನೋಡುತ್ತಿದ್ದರು. ಅವಳು ಕಾಲನ್ನು ಮತ್ತೆ ಮುಂದಕ್ಕೆ ತಂದು, ನಗುತ್ತಾ, ಮಾತು ಮುಂದುವರಿಸಿದಳು. ಅಮ್ಮ ಎಂಬ ಮಾತು ಇನ್ನೂ ಎರಡು ಸಲ ಬಂತು. ಆಮೇಲೆ ಬರಲಿಲ್ಲ.

ಬಾಗಿಲಿಗೆ ಒರಗಿದವಳು ಬಿಸ್ಕತ್ತಿನ ನೆನಪಾಗಿ ಆಚೆ ಹೋದಳು. ಪುಟ್ಟಿ ಹೊರಬಂದು, ಯಾರ ಮುಖವನ್ನೂ ನೋಡದೆ, ಕೈಯನ್ನು ಲಂಗದಲ್ಲಿ ಮುಚ್ಚಿಕೊಂಡು ಚಾಪೆಯ ಮೇಲೆ ಕೂತಳು.

"ಭೇಷ್," ಅಂದರು ದೊಡ್ಡ ಮೇಡಮ್. "ಸ್ವಂತ ಮನೆ ಮಗು ಅಂತಾನೂ ನೋಡಲಿಲ್ಲವಲ್ಲ ನೀವು. ಮುಂದಿನ ತಿಂಗಳಿಂದ ತರಬೇತಿ ನಿಮ್ಮದೇ."

ನಗುಮಿಸ್ ಹೆಸರು ಹಿಡಿದು ಕರೆದಳು. ಹುಡುಗಿ ಎದ್ದು ನಿಂತು ಥ್ಯಾಂಕ್ಯೂ ಮಿಸ್ ಅಂದಳು. ಉಗುರು ನೀಲಿಗಟ್ಟಿದ್ದು ಕಂಡದ್ದು ಆಗಲೇ.

ಮನೆಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಬೆರಳಿಗೆ ಒದ್ದೆ ಕರ್ಚೀಫು ಸುತ್ತಿತ್ತು. ಮಗುವಿನ ಬೆರಳು ಜಜ್ಜಿಹೋದ ಸಂಕಟ ನಗುಮಿಸ್‌ಗೆ ಇರಲಿಲ್ಲವೆಂದಲ್ಲ. ಆದರೆ ಅದರ ಅಡಿಯಲ್ಲಿ, ಹೇಳಲು ನಾಚಿಕೆಯಾಗುವಂಥ ಒಂದು ಸಂತೋಷ ಕುದಿಯುತ್ತಿತ್ತು. ಅಂದಳಲ್ಲ. ಕೊನೆಗೂ ಅಂದಳಲ್ಲ.

"ಪುಟ್ಟಿ, ಆಗ ಬಾಗಿಲ ಹತ್ರ ನನ್ನ ಏನೋ ಅಂತ ಕರೆದ್ಯಲ್ಲ."

ಹುಡುಗಿ ತಟ್ಟನೆ ತಿರುಗಿದಳು. "ನಿಂಗೆ ಕೇಳಿಸ್ತಾ?"

ಇಲ್ಲ ಅಂದಿದ್ದರೆ ನಗುಮಿಸ್ ಬಚಾವಾಗುತ್ತಿದ್ದಳು. ಆಸೆ ಬಿಡಬೇಕಲ್ಲ.

"ಕೇಳಿಸ್ತು ಕಂದ. ಮೂರು ಸಲವೂ ಕೇಳಿಸ್ತು. ಇನ್ನೊಂದು ಸಲ ಅನ್ನು ನೋಡೋಣ."

ಹುಡುಗಿ ತನ್ನ ಬೆರಳನ್ನು ನೋಡಿಕೊಂಡಳು. ಅಷ್ಟು ಹೊತ್ತೂ ಒಂದು ಹನಿ ಹಾಕದವಳ ಕಣ್ಣು ಈಗ ತುಂಬಿಬಂತು.

"ನಿಂಗೆ ಕೇಳಿಸಿಲ್ಲ ಅಂದ್ಕೊಂಡಿದ್ದೆ," ಅಂದಳು. "ಬಾಗಿಲು ಹಾಕಿತ್ತಲ್ಲ, ಅದಕ್ಕೇ ಕೇಳಿಸಿಲ್ಲ, ಕೇಳಿಸಿದ್ರೆ ನೀನು ಬಂದೇ ಬರ್ತಿದ್ದೆ ಅಂತ."