ಹಳದಿ ಬಿಡಿಸಿದ್ದು

೧೦

ಇದನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. "ಅದೊಂದು ಹಳೆಯ ಕಂಪ್ಯೂಟರ್" ಎಂದು ಬರೆದೆ, ಹೊಡೆದು ಹಾಕಿದೆ. ಹಳೆಯ ವಸ್ತುವಿನಿಂದ ಶುರುವಾಗುವ ಕಥೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ನಿಮಗೆ ಮೊದಲೇ ಗೊತ್ತು. ಆಕಳಿಸಿ ಪುಟ ಮಗುಚುತ್ತೀರಿ. "ಡಾಕ್ಟರಮ್ಮ ಅತ್ತರು" ಎಂದು ಬರೆದೆ. ಆದರೆ ಅವರು ಅತ್ತಿಲ್ಲ. ಅತ್ತು ಹಗುರಾಗಿದ್ದರೆ ನನಗೇಕೆ ಹೇಳುತ್ತಿದ್ದರು?

೨೦

(ಅಂಕಿಗಳನ್ನು ಕಂಡು ಗಾಬರಿಯಾಗಬೇಡಿ. ಆ ಕಾಲದ ಮನೆ ಕಂಪ್ಯೂಟರುಗಳಿಗೆ ಪ್ರೋಗ್ರಾಂ ಬರೆಯುವವರು ಸಾಲುಗಳಿಗೆ ಒಂದು, ಎರಡು ಎಂದು ಅಂಕಿ ಹಾಕುತ್ತಿರಲಿಲ್ಲ. ಹತ್ತು, ಇಪ್ಪತ್ತು, ಮೂವತ್ತು ಎಂದು ಹಾಕುತ್ತಿದ್ದರು. ಮಧ್ಯೆ ಏನಾದರೂ ಮರೆತಿದ್ದರೆ ಆಮೇಲೆ ತೂರಿಸಲು ಜಾಗ ಬೇಕಲ್ಲ! ಮರೆಯುತ್ತೇವೆಂದು ಮೊದಲೇ ಒಪ್ಪಿಕೊಂಡು ಕೆಲಸಕ್ಕೆ ಕೂರುತ್ತಿದ್ದ ಜನ. ಕಥೆಗಾರರಲ್ಲಿ ಅಂಥ ವಿನಯ ಕಡಿಮೆ.)

೩೦

ಡಾಕ್ಟರಮ್ಮ ಎಂದರೆ ನನ್ನ ಹಲ್ಲಿನ ಡಾಕ್ಟರು. ವಯಸ್ಸು ಐವತ್ತು ದಾಟಿದೆ, ಕೈ ಇನ್ನೂ ನಡುಗುವುದಿಲ್ಲ. ಅವರು ಈ ಕಥೆ ಹೇಳಿದ್ದು ನನ್ನ ದವಡೆ ಹಲ್ಲು ಕೊರೆಯುವಾಗ. ಅವರ ಎರಡೂ ಕೈ ನನ್ನ ಬಾಯಿಯಲ್ಲಿದ್ದವು. ಒಂದು ಪ್ರಶ್ನೆಯನ್ನೂ ಕೇಳಲಾಗಲಿಲ್ಲ, "ಆಂ, ಊಂ" ಎಂದಷ್ಟೇ ಅಂದೆ. ಆದ್ದರಿಂದ ಈ ಕಥೆಯಲ್ಲಿ ತೂತುಗಳಿವೆ. ಕೆಲವನ್ನು ನಾನೇ ತುಂಬಿದ್ದೇನೆ, ಸಿಮೆಂಟು ಕಾಣಿಸಿದರೆ ಕ್ಷಮಿಸಿ.

೩೫

(ಮರೆತಿದ್ದೆ, ಈಗ ತೂರಿಸುತ್ತಿದ್ದೇನೆ.) ಡಾಕ್ಟರಮ್ಮನಿಗೆ ಒಂದು ಹುಚ್ಚಿದೆ. ಪ್ರತಿ ಭಾನುವಾರ ಟೈರ್ ಅಂಗಡಿಯ ಮಹಡಿಯ ಮೇಲಿನ ಕೋಣೆಯಲ್ಲಿ ಏಳೆಂಟು ಜನ ಸೇರುತ್ತಾರೆ. ಕೀಲಿಮಣೆಯ ಹೊಟ್ಟೆಯೊಳಗೇ ಇಡೀ ಕಂಪ್ಯೂಟರ್ ಅಡಗಿರುವ, ಟೀವಿಗೆ ಸಿಕ್ಕಿಸಿ ಆಡುವ, ಕ್ಯಾಸೆಟ್ಟಿನಿಂದ ಕರಕರ ಸದ್ದು ಮಾಡುತ್ತ ಆಟ ಎತ್ತಿಕೊಳ್ಳುವ ಯಂತ್ರಗಳನ್ನು ಬದುಕಿಸುತ್ತಾರೆ. ಲಾಭ ಕೇಳಬೇಡಿ. ಅವರ ಮನೆಯವರು ಕೇಳಿ ಕೇಳಿ ಸುಸ್ತಾಗಿದ್ದಾರೆ. ಅಲ್ಲಿ ಒಬ್ಬರ ಅಡ್ಡಹೆಸರು ಕ್ಯಾಪಾಸಿಟರ್, ಯಂತ್ರದೊಳಗೆ ವಿದ್ಯುತ್ತು ಹಿಡಿದಿಡುವ ಪುಟ್ಟ ಬಿಡಿಭಾಗದ ಹೆಸರು. ಬ್ಯಾಂಕಿನಿಂದ ನಿವೃತ್ತರಾದವರು. ಯಾವ ಯಂತ್ರ ಕೆಟ್ಟರೂ, ಮುಚ್ಚಳ ತೆಗೆಯುವ ಮೊದಲೇ, "ಕ್ಯಾಪಾಸಿಟರ್ ಹೋಗಿರತ್ತೆ ಬಿಡಿ" ಅನ್ನುತ್ತಾರೆ. ಹತ್ತಕ್ಕೆ ಒಂದು ಸಲ ಅದು ನಿಜವೂ ಆಗುತ್ತದೆ.

ಡಾಕ್ಟರಮ್ಮನ ಪಾಲಿನ ಕೆಲಸ ಬಿಳುಪು ಮಾಡುವುದು. ಆ ಕಾಲದ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗುತ್ತದೆ, ಮುದಿ ಹಲ್ಲಿನ ಹಾಗೆ. ಅದಕ್ಕೆ ಪೆರಾಕ್ಸೈಡ್ ಬಳಿದು ಬಿಸಿಲಿನಲ್ಲಿಟ್ಟರೆ ಹಳದಿ ಬಿಟ್ಟು ಹೋಗುತ್ತದೆ. ಹಲ್ಲು ಬೆಳ್ಳಗೆ ಮಾಡುವುದಕ್ಕೂ ಅದೇ ಪೆರಾಕ್ಸೈಡ್. ಕ್ಲಿನಿಕ್ಕಿನಲ್ಲಿ ವಾರವಿಡೀ ಮನುಷ್ಯರು, ಭಾನುವಾರ ಕಂಪ್ಯೂಟರುಗಳು.

೪೦

ಒಂದು ಭಾನುವಾರ ಅವರ ಅತ್ತಿಗೆ ಬಂದರು. ಡಾಕ್ಟರಮ್ಮನ ಅಣ್ಣ ತೀರಿಹೋಗಿದ್ದರು. ಅವರು ಕೊನೆಯ ವರ್ಷಗಳಲ್ಲಿ ಬಳಸುತ್ತಿದ್ದ ಯಂತ್ರವನ್ನು ಅತ್ತಿಗೆ ಹಳೇ ಸೀರೆಯೊಂದರಲ್ಲಿ ಸುತ್ತಿ ತಂದಿದ್ದರು. ಬಿಚ್ಚಿದರೆ ಮಾಸಿದ ಹಳದಿ.

"ಆನ್ ಆಗ್ತಾ ಇಲ್ಲ ಪುಟ್ಟಿ," ಅಂದರು ಅತ್ತಿಗೆ. (ಡಾಕ್ಟರಮ್ಮ ಶಾಲೆಗೆ ಹೋಗುವಾಗ ಆ ಮನೆಗೆ ಸೊಸೆಯಾಗಿ ಬಂದವರು. ಪುಟ್ಟಿಗೆ ಕನ್ನಡಕ ಬಂದು, ನರೆಗೂದಲು ಬಂದರೂ ಅವರಿಗೆ ಪುಟ್ಟಿಯೇ.) "ಆನ್ ಆದ್ರೆ ಸಾಕು. ಬೇರೇನೂ ಬೇಡ. ಇಲ್ಲಿ ಎಡಗಡೆ ನೋಡು, ಇಲ್ಲಿ..."

"ಗೊತ್ತಾಯ್ತು ಅತ್ತಿಗೆ, ನಂಗೆ ಬಿಡಿ. ನಾನು ನೋಡ್ಕೋತೀನಿ."

ಅತ್ತಿಗೆ ಬಿಟ್ಟರು. ನಾದಿನಿ ಡಾಕ್ಟರಲ್ಲವೇ, ಅವಳಿಗೆ ಗೊತ್ತಿರುತ್ತದೆ.

೫೦

ಕ್ಯಾಪಾಸಿಟರ್ ಹೋಗಿತ್ತು. ಈ ಸಲ ನಿಜವಾಗಿಯೂ. ಆ ಮಹಾನುಭಾವರ ಸಂಭ್ರಮ ನೋಡಬೇಕಿತ್ತು, ಕೋಣೆಯಲ್ಲಿದ್ದ ಎಲ್ಲರಿಗೂ ಚಹಾ ತರಿಸಿದರು. ಹೊಸದು ಬೆಸೆದ ಕೂಡಲೇ ಟೀವಿಯ ಮೇಲೆ ಚೌಕಾಕಾರದ ಗುರುತೊಂದು ಮಿಣಿಮಿಣಿ ಎಂದಿತು.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಸುಖಾಂತ್ಯ. ಆನ್ ಆದರೆ ಸಾಕು ಅಂದಿದ್ದರು, ಆಯಿತು, ಮನೆಗೆ ತಲುಪಿಸುವುದು. ಆದರೆ ಕೆಲಸ ಬಲ್ಲವರಿಗೆ ಸಾಕು ಎಂಬ ಮಾತು ಕಿವಿಗೆ ಬೀಳುವುದಿಲ್ಲ. ಡಾಕ್ಟರಮ್ಮ ಯಂತ್ರದ ಹೊರಕವಚ ಬಿಚ್ಚಿ, ಕ್ಲಿನಿಕ್ಕಿನ ತಾರಸಿಗೆ ಒಯ್ದು, ಬ್ರಷ್ಷಿನಲ್ಲಿ ಪೆರಾಕ್ಸೈಡ್ ಬಳಿದು, ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಟ್ಟರು. ಒಂದೇ ಕಡೆ ಪಟ್ಟೆ ಬೀಳಬಾರದೆಂದು ಆಗಾಗ ತಿರುಗಿಸಿದರು. ರೋಗಿಗಳು ಕೆಳಗೆ ಕಾಯುತ್ತಿದ್ದರು. ಅತ್ತಿಗೆ ಬೆರಗಾಗಬೇಕು ಎಂಬುದೊಂದೇ ಅವರ ಮನಸ್ಸಿನಲ್ಲಿದ್ದದ್ದು. ಇದನ್ನು ದಯವಿಟ್ಟು ನೆನಪಿಡಿ, ಮುಂದೆ ಅವರ ಪರವಾಗಿ ಹೇಳಲು ನನ್ನ ಬಳಿ ಬೇರೆ ಏನೂ ಇಲ್ಲ.

೬೦

ಮುಂದಿನ ಭಾನುವಾರ. ಮೇಜಿನ ಮೇಲೆ ಬಟ್ಟೆ ಮುಚ್ಚಿ ಇಟ್ಟಿದ್ದರು. ಎಲ್ಲರೂ ಸುತ್ತ ನಿಂತಿದ್ದರು. ಡಾಕ್ಟರಮ್ಮ ಬಟ್ಟೆ ಎಳೆದರು. ಇಂದು ಬೆಳಿಗ್ಗೆ ಅಂಗಡಿಯಿಂದ ತಂದ ಹಾಗೆ ಫಳಫಳ. ಕ್ಯಾಪಾಸಿಟರ್ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

ಅತ್ತಿಗೆ ನಕ್ಕರು. "ತುಂಬಾ ಚೆನ್ನಾಗಿದೆ" ಅಂದರು. ಕೈ ಚಾಚಿ ಕೀಲಿಗಳ ಎಡಗಡೆಯ ಅಂಚನ್ನು ಸವರಿದರು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಇಲ್ಲೊಂದು ಗುರುತು ಇತ್ತಲ್ಲ?"

"ಹೋಗಿಸ್ಬಿಟ್ಟೆ ಅತ್ತಿಗೆ!" ಅಂದರು ಡಾಕ್ಟರಮ್ಮ.

ಆ ಆಶ್ಚರ್ಯಸೂಚಕ ಚಿಹ್ನೆಯನ್ನು ತೆಗೆದುಬಿಡಿ ಎಂದು ಡಾಕ್ಟರಮ್ಮ ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ತೆಗೆದರೆ ಸುಳ್ಳಾಗುತ್ತದೆ.

೭೦

ಅಣ್ಣನಿಗೆ ಲಕ್ವಾ ಹೊಡೆದು ಎಡಗೈ ಬಿದ್ದುಹೋಗಿತ್ತು. ಬಲಗೈಯಾದರೂ ಚುರುಕಾಗಿರಲಿ ಎಂದು ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಈ ಯಂತ್ರದಲ್ಲಿ ಆಟ ಆಡುತ್ತಿದ್ದರು. ಎಡಗಡೆಯ ಕೀಲಿ ಒತ್ತುವುದು ಅತ್ತಿಗೆಯ ಕೆಲಸ. ಹಾರು ಅಂದರೆ ಆಟದ ಗೊಂಬೆಯನ್ನು ಹಾರಿಸಬೇಕು. ತಡವಾಗಿ ಹಾರಿಸಿದರೆ ಬೈಗುಳ. ಕಿಟಕಿಯ ಬಿಸಿಲು ಬಿದ್ದು ಬಿದ್ದು ಯಂತ್ರವೆಲ್ಲ ಹಳದಿಯಾಯಿತು, ಒಂದು ಜಾಗ ಬಿಟ್ಟು.

"ಅವರ ಎಡಗೈ ಇಡ್ತಿದ್ದ ಜಾಗ ಅದು ಪುಟ್ಟಿ. ದಿನಾ ನಾನೇ ಎತ್ತಿ ಇಡ್ತಿದ್ದೆ. ಎರಡು ಕೈನಲ್ಲೂ ಆಡ್ತಿದೀನಿ ಅಂತ ಅವರಿಗೆ ಅನ್ನಿಸ್ಲಿ ಅಂತ."

ಅಷ್ಟೇ ಹೇಳಿದ್ದು. ದನಿ ಏರಲಿಲ್ಲ. ಚಪ್ಪಾಳೆ ತಟ್ಟಿದವರು ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ಜೇಬಿಗೆ ಹಾಕಿಕೊಂಡರು.

"ಇದು ಇಲ್ಲೇ ಇರ್ಲಿ," ಅಂದರು ಅತ್ತಿಗೆ, ಸೀರೆ ಮಡಿಸಿಕೊಳ್ಳುತ್ತ. "ಚೆನ್ನಾಗಿದೆಯಲ್ಲ. ನಾಲ್ಕು ಜನ ನೋಡ್ತಾರೆ." ಸೀರೆಯನ್ನಷ್ಟೇ ತೆಗೆದುಕೊಂಡು ಮೆಟ್ಟಿಲಿಳಿದರು.

೭೨

(ಮೊದಲ ಕರಡಿನಲ್ಲಿ ಆ ಗುರುತಿಗೆ ಐದು ಬೆರಳುಗಳಿದ್ದವು. ಓದಿದ ಡಾಕ್ಟರಮ್ಮ ರೇಗಿದರು.

"ಬೆರಳೆಲ್ಲ ಎಲ್ಲಿತ್ತು? ಒಂದು ಮಸುಕು, ಅಷ್ಟೇ. ಬೆರಳಿದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?"

"ಓದುಗರಿಗೆ ಕಾಣಿಸಬೇಕಲ್ಲ ಡಾಕ್ಟ್ರೆ."

"ನಂಗೆ ಕಾಣಿಸ್ಲಿಲ್ಲ. ಅದನ್ನ ಬರೀರಿ."

ಬರೆದಿದ್ದೇನೆ.)

೮೦

ಈಗ ಮುಗಿಸಬೇಕು. "ಬೆಳ್ಳಗಿರುವುದೆಲ್ಲ ಹಾಲಲ್ಲ" ಎಂದು ಕೊನೆಯ ಸಾಲು ಬರೆದು ಪೆನ್ನು ಮುಚ್ಚುವ ಆಸೆಯಿತ್ತು. ಗಾದೆ ಸಿಕ್ಕಿದಾಗ ಕಥೆಗಾರನ ಕೈ ತುರಿಸುತ್ತದೆ. ಡಾಕ್ಟರಮ್ಮ ನನ್ನ ಮುಖ ನೋಡಿದ ರೀತಿಗೆ ಹೊಡೆದು ಹಾಕಿದೆ.

ಇನ್ನೊಂದು ಮುಕ್ತಾಯ ಭಾನುವಾರದ ಸಂಘದವರದು. ಅತ್ತಿಗೆ ಹೋದ ಮೇಲೆ ಕ್ಯಾಪಾಸಿಟರ್ ಯಂತ್ರವನ್ನು ತಮ್ಮ ಕಡೆ ಎಳೆದುಕೊಂಡರು.

"ಯೋಚನೆ ಮಾಡ್ಬೇಡಿ ಡಾಕ್ಟ್ರೆ. ಬಿಳುಪು ಮಾಡಿದ್ದು ಎಷ್ಟು ದಿನ ಇರತ್ತೆ? ಬಿಸಿಲಿಗಿಟ್ರೆ ಹಳದಿ ವಾಪಸ್ ಬಂದೇ ಬರತ್ತೆ. ಕೈ ಆಕಾರಕ್ಕೆ ಕಾಗದ ಕತ್ತರಿಸಿ ಅಂಟಿಸೋಣ. ಅದರಡಿ ಬೆಳ್ಳಗೇ ಉಳಿಯತ್ತೆ. ಮೊದಲಿನ ಥರಾನೇ ಕಾಣತ್ತೆ."

ಒಬ್ಬರು ಕತ್ತರಿ ಹುಡುಕಿದರು. ಇನ್ನೊಬ್ಬರು ಕಾಗದಕ್ಕಿಂತ ಅಲ್ಯುಮಿನಿಯಂ ಹಾಳೆ ವಾಸಿ ಅಂದರು. ಯಂತ್ರ ಕೆಟ್ಟರೆ ಸರಿಮಾಡುವ ಜನ, ಕೆಟ್ಟದ್ದು ಯಂತ್ರವಲ್ಲ ಎಂದು ಹೊಳೆದರೂ ಅವರ ಕೈ ಸುಮ್ಮನಿರದು. ನಗಬೇಡಿ. ಅವರಿಗೆ ಗೊತ್ತಿದ್ದ ಪ್ರೀತಿ ಅದೊಂದೇ.

"ಯಾರ ಕೈ ಅಳತೆ ತಗೋತೀರಿ?" ಎಂದು ಕೇಳಿದರು ಡಾಕ್ಟರಮ್ಮ.

ಕತ್ತರಿ ಡ್ರಾಯರಿಗೆ ವಾಪಸಾಯಿತು.

೯೦

ನಾನೇ ಹೆಣೆದ ಮುಕ್ತಾಯ ಬೇರೆ ಇತ್ತು, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಆ ಜಾಗವೊಂದೇ ಮೊದಲಿನ ಬಣ್ಣದಲ್ಲಿ ಉಳಿದಿತ್ತಲ್ಲವೇ? ಈಗ ಇಡೀ ಯಂತ್ರಕ್ಕೆ ಅದೇ ಬಣ್ಣ. ಅಂದರೆ ಅಣ್ಣನ ಕೈ ಈಗ ಎಲ್ಲ ಕಡೆ ಇದೆ! ಅತ್ತಿಗೆಗೆ ಇದು ಹೊಳೆಯುತ್ತದೆ, ಯಂತ್ರವನ್ನು ಮನೆಗೊಯ್ಯುತ್ತಾರೆ, ಕಣ್ಣೀರು, ತೆರೆ.

ಡಾಕ್ಟರಮ್ಮನಿಗೆ ಓದಿ ಹೇಳಿದೆ.

"ಎಲ್ಲ ಕಡೆ ಇದೆ ಅಂದ್ರೆ ಎಲ್ಲೂ ಇಲ್ಲ ಅಂತಾನೇ ಅಲ್ವಾ?" ಅಂದರು. "ಅತ್ತಿಗೆ ಕೈ ಇಡೋಕೆ ಒಂದು ಜಾಗ ಬೇಕಿತ್ತು ಸಾರ್. ಸಂಜೆ ಕೆಲಸ ಮುಗಿಸಿ ಬಂದು ಅಲ್ಲಿ ಕೈ ಇಟ್ಕೊಂಡು ಕೂರ್ತಿದ್ರಂತೆ. ಆಮೇಲೆ ಗೊತ್ತಾಯ್ತು ನಂಗೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಮ್ಮಿಬ್ಬರಿಗೂ.

೧೦೦

"ಒಂದು ಸಹಾಯ ಮಾಡ್ತೀರಾ?" ಎಂದು ಅವರು ಕೇಳಿದ್ದು ಆಗಲೇ. "ನಲವತ್ತಕ್ಕೂ ಐವತ್ತಕ್ಕೂ ಮಧ್ಯೆ ಜಾಗ ಖಾಲಿ ಇದೆಯಲ್ಲ. ಅಲ್ಲೊಂದು ಸಾಲು ಹಾಕಿ. ನಾನು 'ನಂಗೆ ಬಿಡಿ' ಅಂದಿದ್ದು ತೆಗೆದು, 'ಏನು ಅತ್ತಿಗೆ, ಹೇಳಿ' ಅಂತ ಮಾಡಿ. ಅಷ್ಟೇ. ಅವರು ಹೇಳ್ತಾರೆ."

"ಹಾಗೆ ಮಾಡಿದರೆ ಮುಂದಿನದೆಲ್ಲ ಬಿದ್ದುಹೋಗುತ್ತದೆ ಡಾಕ್ಟ್ರೆ. ಕಥೆಯೇ ಇರುವುದಿಲ್ಲ."

"ಬೇಡ. ನಂಗೆ ಕಥೆ ಯಾಕೆ?"

ನಾನು ಆ ಸಾಲು ಹಾಕಲಿಲ್ಲ. ನನಗೆ ಕಥೆ ಬೇಕಿತ್ತು. ಕಾಗದದ ಮೇಲಾದರೂ ಆ ಗುರುತನ್ನು ಉಳಿಸುವುದು ಒಂದು ಸಾಲಿನ ಕೆಲಸವಾಗಿತ್ತು, ಮಾಡಲಿಲ್ಲ. ಈಗ ಬರೆಯುತ್ತ ಕೂತಾಗ ನನಗೆ ನನ್ನ ಮೇಲೇ ಬೇಸರವಾಗುತ್ತಿದೆ. ಬೇಸರವಾಯಿತೆಂದು ಹೋಗಿ ಹಾಕುತ್ತೇನೆಯೇ? ಅದೂ ಇಲ್ಲ. ಕಥೆಗಾರರ ಜಾತಿಯೇ ಇಷ್ಟು.

೧೧೦

ಅತ್ತಿಗೆಯನ್ನು ಇನ್ನು ಬಿಟ್ಟುಬಿಡಿ ಎಂದು ನೀವು ಹೇಳಬಹುದು. ಆದರೆ ಡಾಕ್ಟರಮ್ಮ ಬಿಡುವುದಿಲ್ಲ. ಅಣ್ಣನ ಮನೆಯಲ್ಲಿ ಅವರಿಗೆ ಉಳಿದಿರುವುದು ಅತ್ತಿಗೆ ಒಬ್ಬರೇ. ಹಬ್ಬ ಹುಣ್ಣಿಮೆ ನೋಡದೆ, ನೆಪ ಹುಡುಕದೆ ಹೋಗಿ ಉಂಡು ಮಲಗುತ್ತಿದ್ದ ಮನೆ ಅದು. ಈಗ ಹೋದರೆ "ಬಾ ಪುಟ್ಟಿ" ಅನ್ನುತ್ತಾರೆ, ಬಡಿಸುತ್ತಾರೆ, ಯಾವುದಕ್ಕೂ ಕುಂದಿಲ್ಲ. ನೆಂಟರಿಗೆ ಬಡಿಸುವ ಹಾಗೆ ಬಡಿಸುತ್ತಾರೆ.

ಒಂದು ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ, ನನ್ನೆದುರಿಗೇ, ಡಾಕ್ಟರಮ್ಮ ಫೋನ್ ಮಾಡಿದರು.

"ಅತ್ತಿಗೆ, ಹೊಟ್ಟೆಗೆ ಹಾಕ್ಕೊಳ್ಳಿ."

"ಅಯ್ಯೋ, ಯಾವತ್ತೋ ಹಾಕ್ಕೊಂಡಾಯ್ತು. ಕೇಳ್ದೋರಿಗೆಲ್ಲ ನಾನೇ ಹೇಳ್ತೀನಿ, ಅವಳದೇನೂ ತಪ್ಪಿಲ್ಲ, ಒಳ್ಳೇದು ಮಾಡೋಕೆ ಹೋದ್ಳು ಪಾಪ ಅಂತ. ಎಲ್ರೂ ಹೌದು ಅಂತಾರೆ."

ಡಾಕ್ಟರಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

"ನಾನೊಬ್ಳೇ ಹೌದು ಅಂತಾ ಇಲ್ಲ ಪುಟ್ಟಿ. ನನ್ ಮನಸ್ಸಿಗೆ ಎಷ್ಟು ಹೇಳ್ಕೊಂಡ್ರೂ ಆಗ್ತಾ ಇಲ್ಲ. ಏನ್ ಮಾಡ್ಲಿ ಹೇಳು."

೧೨೦

ಡಾಕ್ಟರಮ್ಮ ನನ್ನ ಕಡೆ ತಿರುಗಿದ್ದಾರೆ. ಅತ್ತಿಗೆಗೆ ಏನು ಹೇಳಬೇಕೆಂದು ನಾನೇ ಬರೆದುಕೊಡಬೇಕಂತೆ. ಇಷ್ಟು ಹೊತ್ತು ಗಾದೆ, ಜಂಬ, ಆವರಣ ಚಿಹ್ನೆ ಎಂದು ಎಗರಾಡಿದ ನಾನು ಒಂದು ಸಾಲು ಬರೆದೆ, ಹೊಡೆದು ಹಾಕಿದೆ.

ಆ ಕಡೆ ಒಲೆಯ ಮೇಲೆ ಏನೋ ಉಕ್ಕಿ ಚುಯ್ ಅನ್ನುತ್ತಿದೆ. ಅತ್ತಿಗೆ ಎದ್ದು ಹೋಗಿಲ್ಲ. ಫೋನನ್ನೂ ಇಟ್ಟಿಲ್ಲ. ಈ ಕಡೆ ಡಾಕ್ಟರಮ್ಮನೂ ಇಟ್ಟಿಲ್ಲ. ಇಬ್ಬರಿಂದಲೂ ಇಡಿಸುವ ಅಧಿಕಾರ, ಕಥೆ ಬರೆಯುವವನಾಗಿ, ನನಗಿದೆ. ನಾನು ಇಡಿಸುವುದಿಲ್ಲ.